ಮಾರ್ಕೆಟಿಂಗ್ ಹುಡುಗ, ಒಂದು ಹಾಳೆ ಒಪ್ಪಂದ, ನಮ್ಮ ತೊಗರಿಬೇಳೆ

ಕಲಬುರಗಿಯಲ್ಲಿ ನಮ್ಮದು ಸಣ್ಣ ಬೇಳೆ ಪ್ಯಾಕಿಂಗ್. ಬೆಂಗಳೂರು, ಪುಣೆ ಕಡೆ ಗಿರಾಕಿ ಹಿಡಿಯೋಣ ಅಂತ ಫ್ರೀಲ್ಯಾನ್ಸ್ ಮಾರ್ಕೆಟಿಂಗ್ ಮಾಡುವ ಹುಡುಗನೊಬ್ಬನಿಗೆ ಮೂರು ತಿಂಗಳು ಕೆಲಸ ಕೊಟ್ಟೆ. ಐದಕ್ಕೆ ನಾಲ್ಕು ಸ್ಟಾರ್.

ಇವನಿಗೂ ಮುಂಚೆ ಒಬ್ಬರಿಗೆ ಬರೀ ಬಾಯಿಮಾತಿನ ಮೇಲೆ 25,000 ಕೊಟ್ಟು ಕೈ ಸುಟ್ಟುಕೊಂಡಿದ್ದೆ. ಅದರಲ್ಲಿ ಜಾಹೀರಾತಿಗೆ ಎಷ್ಟು ಹೋಯಿತು, ಅವರ ಕೂಲಿ ಎಷ್ಟು, ಇವತ್ತಿಗೂ ಗೊತ್ತಿಲ್ಲ. ಇನ್‌ಸ್ಟಾಗ್ರಾಮ್ ಪಾಸ್‌ವರ್ಡೂ ಅವರ ಹತ್ತಿರವೇ ಉಳಿಯಿತು.

ಈ ಹುಡುಗ ಮೊದಲ ದಿನವೇ ಒಂದು ಹಾಳೆ ತಂದ. ಇಂಗ್ಲಿಷ್. ಕನ್ನಡದಲ್ಲಿ ಬರಿಯಪ್ಪ ಅಂದೆ, ಮರುದಿನ ಬರೆದು ತಂದ. ಫೀ ತಿಂಗಳಿಗೆ 9,000. ಅರ್ಧ ಮೊದಲು, ಅರ್ಧ ಬಿಲ್ ಕೊಟ್ಟ ಏಳು ದಿನದೊಳಗೆ. ಎಂಟು ಪೋಸ್ಟ್, ನಾಲ್ಕು ರೀಲ್. ತಿದ್ದುಪಡಿ ಎರಡೇ ಸಲ, ಮೂರನೆಯದಕ್ಕೆ ಬೇರೆ ದುಡ್ಡು. ಇಷ್ಟು ಮಾರಾಟ ಆಗುತ್ತದೆ ಅನ್ನುವ ಭರವಸೆ ಇಲ್ಲ ಅಂತಲೂ ಬರೆದಿದ್ದ. "ಜಾಹೀರಾತಿನ ರೊಕ್ಕ ನನ್ನ ಕೈಯಾಗ ಕೊಡಬ್ಯಾಡ್ರಿ ಅಕ್ಕಾ, ನಿಮ್ಮ ಕಾರ್ಡಿನಿಂದನ ಹೋಗ್ಲಿ" ಅಂದ. ಖಾತೆ ನನ್ನ ಹೆಸರಲ್ಲಿ, ಅವನಿಗೆ ಕೆಲಸಕ್ಕೆ ಬೇಕಾದಷ್ಟು ಅನುಮತಿ ಮಾತ್ರ. ಜಾಹೀರಾತಿನ ಮೇಲೆ 18% ಜಿಎಸ್‌ಟಿ ಬೀಳುತ್ತದೆ ಅನ್ನುವುದೇ ಬಿಲ್ ನನ್ನ ಮೇಲ್‌ಗೆ ಬಂದ ಮೇಲೆ ಗೊತ್ತಾಯಿತು ನೋಡಿ. ಹಾಳೆ ಮೇಲೆ ಬೇಳೆ ಹೊಟ್ಟಿನ ಧೂಳು ಕೂತಿತ್ತು, ಊದಿ ಸಹಿ ಹಾಕಿದೆ.

ಗುಲ್ಬರ್ಗ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಈ ಸೀಮೆಯದ್ದೇ ಬೇಳೆ ಅನ್ನುವ ಭೌಗೋಳಿಕ ಗುರುತು, ಸಿಕ್ಕಿದೆ ಅಲ್ವಾ, ಆ ಗುರುತನ್ನು ಪೋಸ್ಟಲ್ಲಿ ಹಾಕು ಅಂದೆ. "ನೀವು ಆ ಗುರುತಿನ ಬಳಕೆದಾರರಂತ ನೋಂದಣಿ ಮಾಡ್ಸೀರೇನ್ರಿ?" ಅಂತ ಕೇಳಿದ. ಇಲ್ಲ. ಹಾಗಾದರೆ ಹಾಕಲ್ಲ ಅಂದ. 'ಕಲಬುರಗಿ ಹೊಲದ ಬೇಳೆ' ಅಂತಷ್ಟೇ ಬರೆದ. ರೊಕ್ಕ ಕೊಡುವವಳು ನಾನು, ಸಿಟ್ಟು ಬಂತು. ಆಮೇಲೆ ವಿಚಾರಿಸಿದರೆ ಅವನು ಹೇಳಿದ್ದೇ ಸರಿ.

ಆರ್ಡರ್ ಸುರಿಮಳೆ ಏನೂ ಆಗಲಿಲ್ಲ. ಮೂರನೇ ತಿಂಗಳು 41 ಪಾಕೀಟು ಹೋದವು, ಅದರಲ್ಲಿ ಆರು ಹಳೇ ಗಿರಾಕಿಗಳದ್ದೇ.

ಒಂದು ಸ್ಟಾರ್ ಕಡಿತ ರೀಲ್ ಮಾತಿಗೆ. "ಸಖತ್ತಾಗಿದೆ ಗುರೂ" ಅಂತ ಬೆಂಗಳೂರು ಹುಡುಗರ ಧಾಟಿ. ನಮ್ಮತ್ತೆ ನೋಡಿ, "ಇದು ಯಾರ ಮನಿ ಬ್ಯಾಳಿವಾ?" ಅಂದರು. ಅಷ್ಟರಲ್ಲಿ ರೀಲ್ ಹೋಗಿಬಿಟ್ಟಿತ್ತು.

ಮುಂದಿನ ಮೂರು ತಿಂಗಳಿಗೂ ಅವನೇ. ಹೊಸ ಹಾಳೆಯಲ್ಲಿ ಒಂದು ಸಾಲು ನಾನೇ ಸೇರಿಸಿದ್ದೇನೆ: ಯಾವ ರೀಲ್ ಆದರೂ ಮೊದಲು ನಮ್ಮತ್ತೆ ಕೇಳಬೇಕು.