ಹಸಿವು ಹೋಯಿತು ಅಂತ ಖುಷಿಪಟ್ಟೆ, ಪಿತ್ತಕೋಶದಲ್ಲಿ ಕಲ್ಲು ಬಂತು

ಬರೀ ಹೊಟ್ಟೆಯಲ್ಲಿ ಎಣ್ಣೆ ಕುಡಿದು ತೂಕ ಇಳಿಸುವ ಯೋಚನೆ ಯಾರಿಗಾದರೂ ಇದ್ದರೆ, ದಯವಿಟ್ಟು ಮೊದಲು ಇದನ್ನು ಓದಿ.

ಕಳೆದ ವರ್ಷ ನನ್ನ ತೂಕ 81 ಕೆಜಿ ಇತ್ತು. ತುಮಕೂರಿನ ಅಮಾನಿಕೆರೆ ಹತ್ತಿರ ದಿನಾ ಬೆಳಿಗ್ಗೆ ವಾಕಿಂಗ್ ಮಾಡಿದರೂ ಇಳಿಯುತ್ತಿರಲಿಲ್ಲ. ಜೊತೆಗೆ ಬರುತ್ತಿದ್ದ ಗೆಳತಿ ಈ ಎಣ್ಣೆ ಡಯಟ್ ಬಗ್ಗೆ ಹೇಳಿದಳು. ಸೇತ್ ರಾಬರ್ಟ್ಸ್ ಅಂತ ಅಮೆರಿಕದ ಮನಶ್ಶಾಸ್ತ್ರದ ಪ್ರೊಫೆಸರ್ ಒಬ್ಬರು ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು ಹೇಳಿದ ವಿಧಾನ ಇದು. ರುಚಿ, ವಾಸನೆ ಇಲ್ಲದ ಎಣ್ಣೆಯನ್ನು ಒಂದೆರಡು ದೊಡ್ಡ ಚಮಚ ಕುಡಿಯಬೇಕು. ಅದಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಬಾರದು. ರುಚಿ ಗೊತ್ತಾಗದ ಹಾಗೆ ಕ್ಯಾಲೊರಿ ಒಳಗೆ ಹೋದರೆ ಹಸಿವು ತಾನಾಗೇ ಕಮ್ಮಿಯಾಗುತ್ತೆ ಅನ್ನೋದು ಅವರ ವಾದ.

ಮನೆಯಲ್ಲಿದ್ದ ಗಾಣದ ಕಡಲೆಕಾಯಿ ಎಣ್ಣೆ ಘಮ್ಮನ್ನುತ್ತೆ, ಅದು ಆಗಲ್ಲ. ರಿಫೈಂಡ್ ಸೂರ್ಯಕಾಂತಿ ಎಣ್ಣೆ ತಂದೆ. ಬೆಳಿಗ್ಗೆ ಹತ್ತು ಗಂಟೆಗೆ ಮೂಗಿಗೆ ಬಟ್ಟೆ ಕ್ಲಿಪ್ ಹಾಕಿಕೊಂಡು ಸ್ಟೀಲ್ ಲೋಟದಿಂದ ಒಂದೇ ಸಲಕ್ಕೆ ನುಂಗುತ್ತಿದ್ದೆ. ಗಂಟಲಲ್ಲಿ ಜಿಡ್ಡು ನಿಂತಿರುತ್ತಿತ್ತು, ಬಿಸಿನೀರು ಕುಡಿದರೂ ಹೋಗುತ್ತಿರಲಿಲ್ಲ.

ಸುಳ್ಳು ಹೇಳಲ್ಲ, ಹಸಿವು ನಿಜವಾಗಿಯೂ ಹೋಯಿತು. ಅತ್ತೆ ಬಿಸಿ ಮುದ್ದೆ ಇಟ್ಟು ಹುರುಳಿಕಾಳು ಸಾರು ಬಿಟ್ಟರೂ ಕೈ ಹೋಗುತ್ತಿರಲಿಲ್ಲ. ಎರಡು ತುತ್ತು ನುಂಗಿ ಎದ್ದುಬಿಡುತ್ತಿದ್ದೆ. "ಏನಮ್ಮಾ, ಹಿಂಗೆ ಉಂಡ್ರೆ ಮೈಯಲ್ಲಿ ಶಕ್ತಿ ಎಲ್ಲಿರುತ್ತೆ?" ಅಂತ ಅವರು ಕೇಳಿದಾಗಲೆಲ್ಲ "ಹಸಿವಿಲ್ಲ ಅತ್ತೆ" ಅನ್ನುತ್ತಿದ್ದೆ. ಬೇಗ ಇಳಿಯಲಿ ಅಂತ ಎಣ್ಣೆಯನ್ನು ನಾಲ್ಕು ಚಮಚಕ್ಕೆ ಏರಿಸಿದೆ. ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲೊರಿ, ನಾಲ್ಕಕ್ಕೆ 480. ಅಂದರೆ ದಿನಕ್ಕೆ ನನ್ನ ಹೊಟ್ಟೆಗೆ ಬೀಳುತ್ತಿದ್ದ ಕ್ಯಾಲೊರಿಯಲ್ಲಿ ಮುಕ್ಕಾಲು ಪಾಲು ಎಣ್ಣೆಯದ್ದೇ. ಐದು ವಾರಕ್ಕೆ 10 ಕೆಜಿ ಇಳಿಯಿತು. ಎಲ್ಲರೂ ಹೊಗಳಿದರು.

ಆರನೇ ವಾರ ಒಂದು ದಿನ, ಎಣ್ಣೆ ಕುಡಿದು ಅರ್ಧ ಗಂಟೆಯೂ ಆಗಿರಲಿಲ್ಲ. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಶುರುವಾಯಿತು. ಹಿಂದೆ ಬೆನ್ನಿಗೆ, ಬಲ ಭುಜದವರೆಗೂ ಎಳೆಯುತ್ತಿತ್ತು. ಕೂತರೂ ಆಗಲ್ಲ, ಮಲಗಿದರೂ ಆಗಲ್ಲ. ವಾಂತಿ ಬೇರೆ. ಗ್ಯಾಸ್ ಇರಬೇಕು ಅಂತ ಓಮದ ನೀರು ಕುಡಿದೆ. ಮೂರು ಗಂಟೆ ಆದಮೇಲೆ ತಾನಾಗೇ ನಿಂತಿತು. ಅಲ್ಲಿಗೇ ಎಣ್ಣೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ನಾಲ್ಕು ದಿನಕ್ಕೆ ಮತ್ತೆ ಅದೇ ನೋವು, ಈ ಸಲ ಯಜಮಾನರು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸ್ಕ್ಯಾನ್‌ನಲ್ಲಿ ಪಿತ್ತಕೋಶದ ತುಂಬಾ ಸಣ್ಣ ಸಣ್ಣ ಕಲ್ಲು. ಪಿತ್ತಕೋಶ ಅಂದರೆ ಗಾಲ್ ಬ್ಲಾಡರ್, ಕೊಬ್ಬು ಜೀರ್ಣವಾಗಲು ಬೇಕಾದ ಪಿತ್ತರಸ ಕೂಡಿಡುವ, ಲಿವರ್ ಕೆಳಗಿನ ಸಣ್ಣ ಚೀಲ.

ಡಾಕ್ಟರ್ ಬಿಡಿಸಿ ಹೇಳಿದರು. ತೂಕ ತುಂಬಾ ಬೇಗ ಇಳಿದರೆ ಲಿವರ್ ಪಿತ್ತರಸಕ್ಕೆ ಕೊಲೆಸ್ಟ್ರಾಲ್ ಜಾಸ್ತಿ ಬಿಡುತ್ತೆ. ಊಟ ಬಿಟ್ಟು ತುಂಬಾ ಹೊತ್ತು ಹೊಟ್ಟೆ ಖಾಲಿ ಇದ್ದರೆ ಅಷ್ಟು ಹೊತ್ತೂ ಪಿತ್ತಕೋಶ ಸರಿಯಾಗಿ ಖಾಲಿಯಾಗಲ್ಲ, ರಸ ನಿಂತಲ್ಲೇ ಗಟ್ಟಿಯಾಗುತ್ತೆ. ವಾರಕ್ಕೆ ಒಂದೂವರೆ ಕೆಜಿಗಿಂತ ಜಾಸ್ತಿ ಇಳಿಸಿದರೆ ಈ ಅಪಾಯ ಹೆಚ್ಚಂತೆ. ಮೊದಲೇ ಸಣ್ಣ ಕಲ್ಲು ಇದ್ದಿರಲೂಬಹುದು ಅಂದರು. ಕೊಬ್ಬು ಒಳಗೆ ಹೋದ ತಕ್ಷಣ ಪಿತ್ತಕೋಶ ಹಿಂಡಿಕೊಳ್ಳುತ್ತೆ, ಆಗ ಕಲ್ಲು ನಾಳಕ್ಕೆ ಸಿಕ್ಕಿಕೊಂಡರೆ ಆ ನೋವು. ನಾನು ಅದಕ್ಕೆ ದಿನಾ ಬರೀ ಎಣ್ಣೆಯನ್ನೇ ಕೊಡುತ್ತಿದ್ದೆ. ಕೊನೆಗೆ ಲ್ಯಾಪರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಹಾಕಿ ಆಪರೇಷನ್ ಮಾಡಿ, ಪಿತ್ತಕೋಶವನ್ನೇ ತೆಗೆದರು.

ಒಂದೆರಡು ಚಮಚ ಅಂತಿದ್ದದ್ದನ್ನು ಏರಿಸಿದ್ದು, ಊಟ ಬಿಟ್ಟಿದ್ದು ನಾನೇ, ಒಪ್ಪಿಕೊಳ್ಳುತ್ತೇನೆ. ಆದರೆ ಹಸಿವೇ ಆಗದಿದ್ದಾಗ ಊಟ ಬಿಡುತ್ತಿದ್ದೇವೆ ಅಂತ ಗೊತ್ತಾಗುವುದೂ ಇಲ್ಲ. ನನಗೆ ಭಯ ಇರುವುದು ಅದರದ್ದೇ. ಹೆಂಗಸರಿಗೆ, ನಲವತ್ತು ದಾಟಿದವರಿಗೆ, ಮನೆಯಲ್ಲಿ ಯಾರಿಗಾದರೂ ಈ ಕಲ್ಲು ಆಗಿದ್ದವರಿಗೆ ಅಪಾಯ ಇನ್ನೂ ಜಾಸ್ತಿ. ನಾನು ಹೇಳಿದ ಥರದ ನೋವು ಬಂದರೆ ಗ್ಯಾಸ್ ಮಾತ್ರೆ ನುಂಗಿ ಸುಮ್ನೆ ಕೂರಬೇಡಿ, ಸ್ಕ್ಯಾನ್ ಮಾಡಿಸಿ. ಜೊತೆಗೆ ಜ್ವರ ಬಂದರೆ, ಕಣ್ಣು ಹಳದಿಯಾದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಆ ಗೆಳತಿ ಇನ್ನೂ ಎಣ್ಣೆ ಕುಡಿಯುತ್ತಿದ್ದಾಳೆ. ಮೊನ್ನೆ ಫೋನಿನಲ್ಲಿ "ಬೆನ್ನು ಯಾಕೋ ಹಿಡ್ಕೊಂಡಿದೆ ಕಣೆ" ಅಂದಳು. ಸೋಮವಾರ ಸ್ಕ್ಯಾನಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ.