‘90 ದಿನ ಕ್ವಾರಂಟೈನ್ ಆಗಿದೆ’ ಅಂದರೆ ನಂಬಬೇಡಿ, ನಾನು ನಂಬಿ ಕೆಟ್ಟೆ

ಹಾವು ಸಾಕುವವರು, ಅದರಲ್ಲೂ ಇಲ್ಲಿ ಅಮೆರಿಕದಲ್ಲಿ ಬಾಲ್ ಪೈಥಾನ್ (ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು) ಮರಿ ಮಾಡಿಸುವ ಆಸೆ ಇರುವವರು, ದಯವಿಟ್ಟು ಇದನ್ನು ಓದಿ. ಮೂರು ತಿಂಗಳಿಂದ ಬರೆಯಬೇಕು ಅಂದುಕೊಳ್ಳುತ್ತಿದ್ದೆ. ನಾಚಿಕೆಯಾಗಿ ಸುಮ್ಮನಿದ್ದೆ. ಮೊನ್ನೆ, ನನಗೆ ಕಾಯಿಲೆ ಹಾವು ಮಾರಿದ ಅದೇ ಆಸಾಮಿ ಇನ್ನೊಂದು ಹಾವಿನ ಫೋಟೋ ಹಾಕಿದ್ದಾನೆ. ಕೆಳಗೆ ಅದೇ ಮಾತು: "90 ದಿನ ಕ್ವಾರಂಟೈನ್ ಆಗಿದೆ, ನೇರವಾಗಿ ನಿಮ್ಮ ರ‍್ಯಾಕಿಗೆ ಹಾಕಿಕೊಳ್ಳಿ." ನೋಡಿ ಮೈಯೆಲ್ಲ ಉರಿದುಹೋಯಿತು.

ನಾನು ಟೆಕ್ಸಾಸ್‌ನಲ್ಲಿದ್ದೇನೆ. ಏಳು ವರ್ಷದಿಂದ ಬಾಲ್ ಪೈಥಾನ್ ಸಾಕುತ್ತಿದ್ದೇನೆ. ಮೂರು ಹೆಣ್ಣು. ದೊಡ್ಡವಳು ಗೌರಿ, 1,800 ಗ್ರಾಂ ತೂಗುತ್ತಿದ್ದಳು. ಊರಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು: "ನಾವು ನಾಗರ ಪಂಚಮಿಗೆ ಹುತ್ತಕ್ಕೆ ತನಿ ಎರೆದು, ದೂರದಿಂದ ಕೈಮುಗಿದು ಬರ್ತೀವಿ. ನೀನು ಅದಕ್ಕೆ ಹೀಟರ್ ಹಾಕಿ ಮಲಗಿಸ್ತೀಯಲ್ಲೇ!" ನಗುತ್ತಿದ್ದೆ ಆಗ.

ಜನವರಿಯಲ್ಲಿ ಹಾವು ಮಾರುವ ಒಂದು ಎಕ್ಸ್‌ಪೋಗೆ ಹೋಗಿದ್ದೆ. ಒಂದು ಟೇಬಲ್ ಮೇಲೆ ಪೈಡ್ ಗಂಡು ಇತ್ತು. ಪೈಡ್ ಅಂದರೆ ಗೊತ್ತಲ್ಲ, ಬಿಳಿ ಮೈ ಮೇಲೆ ಅಲ್ಲಲ್ಲಿ ಕಂದು ಪಟ್ಟೆ. ಇವನ ಕತ್ತಿನ ಹತ್ತಿರ ಗೇರುಬೀಜದ ಆಕಾರದ ಒಂದು ಮಚ್ಚೆ. ಅಷ್ಟು ಚೆಂದ. 650 ಡಾಲರ್. ಮಾರುವವನ ಮಾತು ಬೆಣ್ಣೆ. "ಒಂದು ವರ್ಷದಿಂದ ನನ್ನ ಹತ್ತಿರ ಇದ್ದಾನೆ. 90 ದಿನ ಬೇರೆ ರೂಮಿನಲ್ಲಿ ಇಟ್ಟಿದ್ದೆ. ನಿಡೋವೈರಸ್ ಟೆಸ್ಟ್ ಕೂಡ ಮಾಡಿಸಿದ್ದೇನೆ, ನೆಗೆಟಿವ್." ನಿಡೋವೈರಸ್ ಅಂದರೆ ಹೆಬ್ಬಾವುಗಳ ಉಸಿರಾಟ ಕೆಡಿಸುವ ವೈರಸ್. ಲ್ಯಾಬ್ ರಿಪೋರ್ಟ್ ಕೇಳಿದೆ. ಕೇಳಿದೆ ಕಣ್ರೀ, ಕೇಳದೆ ಬಿಡಲಿಲ್ಲ! "ಮನೆಗೆ ಹೋದ ತಕ್ಷಣ ಮೇಲ್ ಮಾಡ್ತೀನಿ" ಅಂದ. ಆಮೇಲೆ ಇನ್ನೊಂದು ಮಾತು ಸೇರಿಸಿದ: "ಮರಿ ಮಾಡಿಸುವ ಸೀಸನ್ ಮುಗಿಯುತ್ತಾ ಬಂತು. ಇನ್ನು ಮೂರು ತಿಂಗಳು ಕಾದರೆ ಒಂದು ವರ್ಷ ಹೋದ ಹಾಗೇ."

ಆ ಕೊನೆಯ ಮಾತಿಗೇ ನಾನು ಬಿದ್ದಿದ್ದು.

ಹೊಸ ಹಾವು ಬಂದರೆ ಏನು ಮಾಡಬೇಕು ಅಂತ ನನಗೆ ಗೊತ್ತಿಲ್ಲವಾ? ಬೇರೆ ರೂಮು, ಬೇರೆ ಇಕ್ಕಳ, ಬೇರೆ ನೀರಿನ ಬಟ್ಟಲು, ಕೆಳಗೆ ಬಿಳಿ ಪೇಪರ್ ಟವೆಲ್. ಹಳೆಯ ಹಾವುಗಳ ಕೆಲಸ ಮುಗಿಸಿ ಕೊನೆಗೆ ಹೊಸದನ್ನು ಮುಟ್ಟಬೇಕು. ಕಡಿಮೆ ಅಂದರೂ 90 ದಿನ. ಇದನ್ನೆಲ್ಲ ಎಷ್ಟು ಜನರಿಗೆ ನಾನೇ ಹೇಳಿಕೊಟ್ಟಿದ್ದೇನೆ. ನನ್ನ ಮನೆಗೆ ಬಂದಾಗ ಮಾತ್ರ ‘ಅವನೇ ಮಾಡಿದ್ದಾನಲ್ಲ’ ಅಂದುಕೊಂಡೆ. ಹನ್ನೆರಡನೇ ದಿನ ಅವನನ್ನು ಗೌರಿಯ ಟಬ್ಬಿಗೆ ಬಿಟ್ಟೆ. ಅವತ್ತೇ ರಾತ್ರಿ ಲಾಕ್ ಆದವು, ಅಂದರೆ ಕೂಡಿದವು. ಖುಷಿಯಲ್ಲಿ ಫೋಟೋ ತೆಗೆದು ನಾಲ್ಕು ಜನರಿಗೆ ಕಳಿಸಿದೆ. ಈಗ ಆ ಫೋಟೋ ನೋಡಿದರೆ ಹೊಟ್ಟೆ ಕಿವುಚುತ್ತದೆ.

ಮೂರನೇ ವಾರ ಗಂಡು ದಿನವಿಡೀ ನೀರಿನ ಬಟ್ಟಲಲ್ಲೇ ಸುತ್ತಿಕೊಂಡು ಕೂತಿತು. ಎತ್ತಿ ನೋಡಿದರೆ ನೀರಿನ ತಳದಲ್ಲಿ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ. ಮೈಟ್ಸ್, ಅಂದರೆ ಹಾವಿನ ಮೈಗೆ ಹತ್ತುವ ಉಣ್ಣೆಯಂಥ ಸಣ್ಣ ಹುಳ! ಕಣ್ಣಿನ ಸುತ್ತ, ಗದ್ದದ ಕೆಳಗೆ, ತುಟಿಯ ಗುಳಿಗಳಲ್ಲಿ ಸೇರಿಕೊಂಡು ರಕ್ತ ಹೀರುತ್ತಿದ್ದವು. ಅಷ್ಟರಲ್ಲಿ ಮೂರೂ ಹೆಣ್ಣಿಗೆ ಹತ್ತಿತ್ತು. ಎಲ್ಲರ ಟಬ್ಬುಗಳನ್ನೂ ಜೋಡಿಸಿಟ್ಟಿದ್ದು ಒಂದೇ ರ‍್ಯಾಕ್ ಅಲ್ವಾ.

ಅವನಿಗೆ ಮೆಸೇಜ್ ಮಾಡಿದೆ. ಬಂದ ಉತ್ತರ: "ನನ್ನ ಹತ್ತಿರ ಮೈಟ್ಸ್ ಇಲ್ಲವೇ ಇಲ್ಲ. ನೀವು ಟಬ್ಬಿನ ತಳಕ್ಕೆ ಹಾಕುವ ಮರದ ತೊಗಟೆಯಲ್ಲಿ ಬಂದಿರಬೇಕು." ನಾನು ಹಾಕಿದ್ದು ಪೇಪರ್ ಅಂದೆ. "ಹಾಗಾದರೆ ಇಲಿಯಿಂದ." ಇಲಿ ಫ್ರೀಜರ್‌ನಿಂದ ತೆಗೆದದ್ದು ಮಾರಾಯ, ಕಲ್ಲಿನ ಹಾಗಿರುತ್ತದೆ! ಅದಕ್ಕೆ ಒಂದು ಥಂಬ್ಸ್ ಅಪ್. ಬರೀ ಥಂಬ್ಸ್ ಅಪ್. ಜಗಳದ ಮಧ್ಯೆ ಅದನ್ನು ಯಾರು ಕಳಿಸುತ್ತಾರೆ?

ಔಷಧಿ ಹೊಡೆದು, ರ‍್ಯಾಕ್ ಬಿಚ್ಚಿ ಸಂದುಗೊಂದೆಲ್ಲ ತೊಳೆದು, ಮೈಟ್ಸ್ ಮೊಟ್ಟೆ ಒಡೆದು ಹೊಸವು ಬರುತ್ತವೆ ಅಂತ ಮತ್ತೆ ಹೊಡೆದು, ಒಂದೂವರೆ ತಿಂಗಳು ಹೋಯಿತು. ಮುಗಿಯಿತು ಅಂದುಕೊಂಡೆ. ಏಪ್ರಿಲ್‌ನಲ್ಲಿ ಒಂದು ರಾತ್ರಿ ಗೌರಿಯ ಟಬ್ಬಿನಿಂದ ಸಣ್ಣಗೆ ಶಿಳ್ಳೆ ಥರ ಸದ್ದು. ತಲೆ ಮೇಲಕ್ಕೆತ್ತಿ ಬಾಯಿ ತೆರೆದು ಉಸಿರಾಡುತ್ತಿದ್ದಳು. ಬಾಯಿಯಲ್ಲಿ ಲೋಳೆ, ದಾರದ ಹಾಗೆ. ಹಾವಿಗೆ ನಮ್ಮ ಥರ ಕೆಮ್ಮಿ ಕಫ ತೆಗೆಯೋಕೆ ಬರುವುದಿಲ್ಲ. ಒಳಗೇ ಕಟ್ಟಿಕೊಳ್ಳುತ್ತದೆ.

ಡಾಕ್ಟರು ನಾಲ್ಕೂ ಹಾವಿನ ಬಾಯಿಂದ ಸ್ವಾಬ್ ತೆಗೆದು ಪಿಸಿಆರ್‌ಗೆ ಕಳಿಸಿದರು. ಮೈಟ್ಸ್ ಇತ್ತು ಅಂದಿದ್ದಕ್ಕೆ ಐಬಿಡಿ (ಇನ್‌ಕ್ಲೂಷನ್ ಬಾಡಿ ಡಿಸೀಸ್) ಇದೆಯಾ ನೋಡಲು ರಕ್ತವನ್ನೂ ತೆಗೆದರು. ಅದು ಇನ್ನೂ ಕೆಟ್ಟ ಕಾಯಿಲೆ, ಮೈಟ್ಸ್‌ನಿಂದಲೂ ಹರಡುತ್ತದೆ ಅನ್ನುವ ಅನುಮಾನ ಇದೆ. ಪುಣ್ಯಕ್ಕೆ ಅದಿರಲಿಲ್ಲ. ಆದರೆ ನಿಡೋವೈರಸ್ ಗೌರಿಗೆ ಪಾಸಿಟಿವ್, ಗಂಡಿಗೂ ಪಾಸಿಟಿವ್. ಈ ವೈರಸ್ 2014ರಲ್ಲೇ ಬಾಲ್ ಪೈಥಾನ್‌ಗಳಲ್ಲಿ ಪತ್ತೆಯಾಗಿದ್ದು. ಇದನ್ನೇ ಕೊಲ್ಲುವ ಔಷಧಿ ಇವತ್ತಿಗೂ ಇಲ್ಲ. ಆಂಟಿಬಯೋಟಿಕ್ ಕೊಡುವುದು ಜೊತೆಗೆ ಸೇರಿಕೊಳ್ಳುವ ಬ್ಯಾಕ್ಟೀರಿಯಾಕ್ಕೆ ಅಷ್ಟೇ. ಗಂಡಿಗೆ ಮಾತ್ರ ಏನೂ ಲಕ್ಷಣವಿಲ್ಲ. ಕಣ್ಣಿಗೆ ಪೂರ್ತಿ ಆರೋಗ್ಯವಂತ. ಅದೇ ಮೋಸ ಇದರಲ್ಲಿ. ಹಾವು ಚೆನ್ನಾಗಿ ಕಾಣುತ್ತದೆ, ಒಳಗೆ ವೈರಸ್ ಇರುತ್ತದೆ.

ಇದೆಲ್ಲ ನಡೆಯುವಾಗ ಹಳೆಯ ಜಾಹೀರಾತು ನೋಡುತ್ತಾ ಕೂತಿದ್ದೆ, ಯಾಕೋ ಗೊತ್ತಿಲ್ಲ, ನಿದ್ದೆ ಬರುತ್ತಿರಲಿಲ್ಲ. ಬೇರೆ ರಾಜ್ಯದ ಬೇರೆ ಯಾರೋ ಹಾಕಿದ ಜಾಹೀರಾತು. ಪೈಡ್ ಗಂಡು. ಕತ್ತಿನ ಹತ್ತಿರ ಗೇರುಬೀಜ.

ಅದೇ ಗೇರುಬೀಜ! ಒಂದು ಪೈಡ್‌ನ ಗುರುತು ಇನ್ನೊಂದಕ್ಕೆ ಇರುವುದಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ನನ್ನ ಹಾವನ್ನು ಎತ್ತಿ ತಂದು ಪರದೆಯ ಪಕ್ಕ ಹಿಡಿದು ನೋಡಿದೆ. ತಾರೀಖು ನೋಡಿದೆ. ನಾನು ಕೊಳ್ಳುವ ಹನ್ನೊಂದು ದಿನ ಮುಂಚೆ. ಹನ್ನೊಂದು ದಿನ! ಒಂದು ವರ್ಷವಂತೆ, 90 ದಿನವಂತೆ, ಬೇರೆ ರೂಮಂತೆ. ರಾತ್ರಿ ಎರಡು ಗಂಟೆ. ನಮ್ಮ ಮನೆಯವರನ್ನು ಎಬ್ಬಿಸಿ ತೋರಿಸಿದೆ. ಅವರು ಕಣ್ಣು ಉಜ್ಜಿಕೊಂಡು, "ರಿಪೋರ್ಟ್ ಬಂತಾ ಅಂತ ನಾನು ಆಗಲೇ ಕೇಳಿದ್ದೆ" ಅಂದು ಮಲಗಿದರು. ಅದು ಇನ್ನೂ ಉರಿಯಿತು, ಯಾಕಂದರೆ ನಿಜವಾಗಿಯೂ ಕೇಳಿದ್ದರು.

ಬೆಳಿಗ್ಗೆ ಎರಡೂ ಫೋಟೋ ಆ ಮಾರಿದವನಿಗೆ ಕಳಿಸಿದೆ. ಉತ್ತರಗಳನ್ನು ಬಂದ ಹಾಗೇ ಬರೆಯುತ್ತೇನೆ.

"90 ದಿನ ಅಂದಿದ್ದು ಒಟ್ಟು ಲೆಕ್ಕ. ಮೊದಲಿನವರ ಮನೆಯಲ್ಲಿ ಇದ್ದದ್ದೂ ಸೇರಿ."

"ಟೆಸ್ಟ್ ಅವರು ಮಾಡಿಸಿದ್ದರು ಅಂತ ಹೇಳಿದ್ದರು."

"ಹಾವು ನಿಮ್ಮ ಕೈಗೆ ಜೀವಂತವಾಗಿ ಬಂತಲ್ಲ? ಗ್ಯಾರಂಟಿ ಇರುವುದು ಅಷ್ಟಕ್ಕೇ."

ಕೊನೆಯದು: "ಜವಾಬ್ದಾರಿ ಇರುವ ಬ್ರೀಡರ್ ಆಗಿದ್ದರೆ ನೀವೇ ಕ್ವಾರಂಟೈನ್ ಮಾಡಬೇಕಿತ್ತು." ಆಮೇಲೆ ಬ್ಲಾಕ್.

ಆ ಕೊನೆಯ ಸಾಲು ಸರಿಯೇ ಇದೆ. ಸುಳ್ಳು ಹೇಳಿ ಮಾರಿದವನ ಬಾಯಿಂದ ಬಂತು ಅನ್ನುವುದೇ ತಡೆಯಲಾಗದ್ದು. ನಾಲ್ಕು ದಿನ ಉತ್ತರ ಮನಸ್ಸಿನಲ್ಲೇ ಬರೆದುಕೊಂಡು ಓಡಾಡಿದೆ.

ಗೌರಿ ಮೇ ತಿಂಗಳಲ್ಲಿ ಹೋದಳು. ಕೊನೆಗೆ 1,300 ಗ್ರಾಂ ಇದ್ದಳು. ಮೊಟ್ಟೆ ಇಡಲಿಲ್ಲ. ಮರಿಗೆ ಇಬ್ಬರು ಮುಂಗಡ ಕೊಟ್ಟಿದ್ದರು. ವಿಷಯ ಇದ್ದ ಹಾಗೇ ಹೇಳಿ ದುಡ್ಡು ವಾಪಸ್ ಕೊಟ್ಟೆ. ಒಬ್ಬರು ಸಮಾಧಾನ ಹೇಳಿದರು, ಇನ್ನೊಬ್ಬರು ಉತ್ತರ ಕೊಡಲಿಲ್ಲ. ಅವರ ತಪ್ಪೇನೂ ಇಲ್ಲ ಬಿಡಿ.

ನೀವು ಇಷ್ಟು ಮಾಡಿ. ರಿಪೋರ್ಟ್ ಕೈಗೆ ಬಾರದೆ ದುಡ್ಡು ಕೊಡಬೇಡಿ. ಬಂದರೂ ಅದು ಅದೇ ಹಾವಿನದಾ ನೋಡಿ. ಯಾರು ಎಷ್ಟು ದಿನ ಬೇರೆ ಇಟ್ಟಿದ್ದೆ ಅಂದರೂ ನಿಮ್ಮ 90 ದಿನ ನೀವು ಎಣಿಸಿ, ಮಧ್ಯೆ ನಿಮ್ಮ ದುಡ್ಡಲ್ಲೇ ಸ್ವಾಬ್ ಮಾಡಿಸಿ. ಒಂದು ಸಲ ನೆಗೆಟಿವ್ ಬಂತು ಅಂತ ಕುಣಿಯಬೇಡಿ, ಮತ್ತೊಮ್ಮೆ ಮಾಡಿಸಿ. ‘ಸೀಸನ್ ಮುಗಿಯುತ್ತದೆ’ ಅಂತ ಅವಸರ ಮಾಡಿಸುವವನ ಟೇಬಲ್ ಬಿಟ್ಟು ಮುಂದೆ ನಡೆಯಿರಿ. ಬೆಂಗಳೂರಲ್ಲಿ ಓದುತ್ತಿರುವವರಿಗೆ ಒಂದು ಮಾತು: ನಮ್ಮ ಹೆಬ್ಬಾವು, ಕೇರೆ ಹಾವನ್ನೆಲ್ಲ ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ. ಬಾಲ್ ಪೈಥಾನ್‌ಗೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಕಾಗದ ಇಲ್ಲದೆ ಮಾರುವವನು ಕಾಯಿಲೆ ಬಗ್ಗೆ ನಿಜ ಹೇಳುತ್ತಾನಾ?

ಉಳಿದ ಎರಡು ಹೆಣ್ಣಿಗೆ ಇದುವರೆಗೆ ನೆಗೆಟಿವ್. ಗಂಡು ಇನ್ನೂ ನಮ್ಮನೆಯಲ್ಲೇ ಇದ್ದಾನೆ, ಗ್ಯಾರೇಜ್ ಪಕ್ಕದ ರೂಮಿನಲ್ಲಿ ಒಬ್ಬನೇ. ಮಾರುವ ಹಾಗಿಲ್ಲ, ಯಾರಿಗೂ ಕೊಡುವ ಹಾಗಿಲ್ಲ. ಕೊಂದುಬಿಡಿ ಅಂದರು ಕೆಲವರು, ಮನಸ್ಸು ಬರಲಿಲ್ಲ. ಎಲ್ಲ ಕೆಲಸ ಮುಗಿಸಿ ಕೊನೆಗೆ ಗ್ಲೌಸ್ ಹಾಕಿಕೊಂಡು ಅವನ ಹತ್ತಿರ ಹೋಗುತ್ತೇನೆ. ನಿನ್ನೆ ಕೊಟ್ಟ ಇಲಿ ಅರ್ಧ ನಿಮಿಷದಲ್ಲಿ ತಿಂದ.