ಹಸಿರೆಲೆಯೊಳಗಿನ ಹಳದಿ: ಕಿಟ್, ವಿಡಿಯೊ, ದಾರ, ಕಾಗದದ ಪಟ್ಟಿ

ಮೊದಲೇ ಹೇಳಿಬಿಡುತ್ತೇನೆ, ಹಸಿರೆಲೆಯೊಳಗೆ ಅಡಗಿರುವ ಹಳದಿಯನ್ನು ಮಕ್ಕಳಿಗೆ ತೋರಿಸಲು ನನ್ನ ಮತ ಕಾಗದದ ಪಟ್ಟಿಗೆ. ಸೋಸುವ ಕಾಗದದ ಒಂದು ತುಂಡು, ಒಂದು ನಾಣ್ಯ, ಒಂದು ಪೆನ್ಸಿಲ್, ಗಾಜಿನ ಲೋಟದ ತಳದಲ್ಲಿ ಒಂದಿಷ್ಟು ಸ್ಪಿರಿಟ್. ಇಷ್ಟರಲ್ಲಿ ಆದ ಕೆಲಸ ದುಡ್ಡು ಸುರಿದು ತರಿಸಿದ ಮಕ್ಕಳ ಪ್ರಯೋಗದ ಕಿಟ್‌ನಿಂದ ಆಗಲಿಲ್ಲ, ವಿಡಿಯೊದಿಂದಲೂ ಆಗಲಿಲ್ಲ. ಎಲೆಗೆ ದಾರ ಕಟ್ಟಿ ಕಾಯುವ ಇನ್ನೊಂದು ದಾರಿಯೂ ಇದೆ. ಅದರ ಮೇಲೆ ನನಗೆ ಬೇರೆಯೇ ಒಂದು ಪ್ರೀತಿ. ಅದನ್ನು ಆಮೇಲೆ ಹೇಳುತ್ತೇನೆ.

ಎಲ್ಲವೂ ಶುರುವಾದದ್ದು ಐದು ವರ್ಷದ ಮಗಳ ಪ್ರಶ್ನೆಯಿಂದ. ಮರದಡಿ ಬಿದ್ದಿದ್ದ ಹಣ್ಣೆಲೆಯೊಂದನ್ನು ತೊಟ್ಟು ಹಿಡಿದು ತಂದವಳು ನನ್ನ ಮುಖದ ಮುಂದೆ ಆಡಿಸುತ್ತಾ ‘ಇದರ ಹಸಿರು ಎಲ್ಲಿ ಹೋಯಿತು?’ ಎಂದಳು. ಎಲೆಗೆ ವಯಸ್ಸಾಯಿತು ಎಂದೆ. ಅವಳು ಬಿಡಲಿಲ್ಲ. ‘ಹಾಗಾದರೆ ಹಳದಿ ಎಲ್ಲಿಂದ ಬಂತು?’

ಕೇಳಬೇಕಾದ ಪ್ರಶ್ನೆ ಅದೇ. ಹಳದಿ ಎಲ್ಲಿಂದಲೂ ಬರಲಿಲ್ಲ. ಎಲೆ ಹಸಿರಾಗಿದ್ದಾಗಲೂ ಅದು ಒಳಗೇ ಇತ್ತು. ಪತ್ರಹರಿತ್ತು, ಅಂದರೆ ಎಲೆಗೆ ಹಸಿರು ಕೊಡುವ ಕ್ಲೋರೊಫಿಲ್, ಎಲೆಯಲ್ಲಿ ಎಷ್ಟು ದಟ್ಟವಾಗಿ ತುಂಬಿರುತ್ತದೆಂದರೆ ಕ್ಯಾರೊಟಿನಾಯ್ಡ್ ಎಂಬ ಹಳದಿ, ಕಿತ್ತಳೆ ವರ್ಣಕಗಳು ಅದರ ಮರೆಯಲ್ಲಿ ಅಡಗಿಹೋಗುತ್ತವೆ. ಈ ಹಸಿರು ಬೆಳಕಿಗೆ ಸವೆಯುತ್ತಲೇ ಇರುತ್ತದೆ, ಎಲೆ ಅದನ್ನು ಮತ್ತೆ ಮತ್ತೆ ತಯಾರಿಸಿಕೊಳ್ಳುತ್ತಲೇ ಇರುತ್ತದೆ. ಚಳಿಯ ನಾಡುಗಳಲ್ಲಿ ಹಗಲು ಕಿರಿದಾಗುತ್ತಾ ಬಂದಾಗ, ಬೆಚ್ಚನೆಯ ನಾಡುಗಳಲ್ಲಿ ಒಣಹವೆ ಕಾಲಿಟ್ಟಾಗ, ಇಲ್ಲವೇ ಎಲೆ ಸುಮ್ಮನೆ ಹಳತಾದಾಗ ಆ ತಯಾರಿ ನಿಲ್ಲುತ್ತದೆ. ಮನೆ ಖಾಲಿ ಮಾಡುವವರು ಬೆಲೆಬಾಳುವ ಸಾಮಾನನ್ನು ಮೊದಲು ಕಟ್ಟಿಕೊಳ್ಳುವ ಹಾಗೆ ಮರವು ಎಲೆಯೊಳಗಿನ ಸಾರಜನಕವನ್ನು ಕೊಂಬೆಗೆ ಎಳೆದುಕೊಳ್ಳುತ್ತದೆ, ಇದ್ದ ಹಸಿರೂ ಕರಗುತ್ತದೆ. ಆಗ ಮರೆಯಲ್ಲಿದ್ದ ಹಳದಿ ಕಣ್ಣಿಗೆ ಬೀಳುತ್ತದೆ. ಕನ್ನಡದಲ್ಲಿ ನಾವು ಇಂಥ ಎಲೆಯನ್ನು ಹಣ್ಣೆಲೆ ಎನ್ನುತ್ತೇವಲ್ಲ, ಎಷ್ಟು ಸರಿಯಾದ ಮಾತು! ಬಾಳೆಕಾಯಿ ಹಣ್ಣಾಗುವಾಗ ಸಿಪ್ಪೆಯಲ್ಲಿ ನಡೆಯುವುದೂ ಇದೇ: ಹಸಿರು ಹೋಗುತ್ತದೆ, ಹಳದಿ ಉಳಿಯುತ್ತದೆ.

ಆದ್ದರಿಂದ ಈ ಹೋಲಿಕೆಯಲ್ಲಿ ನನ್ನ ಅಳತೆಗೋಲು ಒಂದೇ. ಹಸಿರೆಲೆಯೊಳಗಿನ ಹಳದಿಯನ್ನು ಮಗು ಕಣ್ಣಾರೆ ಕಾಣಬೇಕು. ನಾನು ಹೇಳಿದೆನೆಂದು ನಂಬಿದರೆ ಸಾಲದು.

ಕಿಟ್ ನೋಡಲು ಚೆಂದವಾಗಿಯೇ ಇತ್ತು. ಬಣ್ಣದ ಪೆಟ್ಟಿಗೆ, ಎಲೆಗಳ ಚಿತ್ರವಿರುವ ಕಾರ್ಡುಗಳು, ಪ್ಲಾಸ್ಟಿಕ್ ನಳಿಕೆಗಳು, ಕಾಗದದ ಪಟ್ಟಿಗಳು, ಒಂದು ಸ್ಕೆಚ್ ಪೆನ್, ಒಂದು ಭೂತಗನ್ನಡಿ. ಭೂತಗನ್ನಡಿ ಒಳ್ಳೆಯದು. ಕಾರ್ಡುಗಳ ಬಗ್ಗೆ ಒಂದೇ ಮಾತು: ‘ಎಲೆಗಳು ಹಳದಿ ಮತ್ತು ಕೆಂಪು ಬಣ್ಣ ತೊಡುತ್ತವೆ’ ಎಂದು ಅಲ್ಲಿ ಬರೆದಿತ್ತು, ಹಳದಿಯ ಮಟ್ಟಿಗೆ ಅದು ತಪ್ಪು.

ತೊಂದರೆ ಕೊಟ್ಟದ್ದು ಪ್ರಯೋಗ. ‘ಎಲೆಯನ್ನು ಚೂರು ಮಾಡಿ ಬಿಸಿನೀರಿನಲ್ಲಿ ನೆನೆಸಿ, ಪಟ್ಟಿಯನ್ನು ಅದ್ದಿ, ಎಲೆಯಲ್ಲಿ ಅಡಗಿರುವ ಬಣ್ಣಗಳನ್ನು ನೋಡಿ’ ಎಂದು ಸೂಚನೆ. ಮೊದಲ ಭಾನುವಾರ ಮಗಳೂ ಅವಳಿಗಿಂತ ಮೂರು ವರ್ಷ ದೊಡ್ಡವನಾದ ನನ್ನ ಅಣ್ಣನ ಮಗನೂ ಕೂತು ಎಲೆಗಳನ್ನು ಸಣ್ಣಗೆ ಹರಿದರು. ಬಿಸಿನೀರು ನಾನು ಹಾಕಿದೆ. ಇಪ್ಪತ್ತು ನಿಮಿಷ ಕಾದೆವು. ಪಟ್ಟಿ ತುದಿಯವರೆಗೆ ನೆನೆಯಿತು, ಬಣ್ಣ ಮಾತ್ರ ಹತ್ತಲಿಲ್ಲ. ಎಲೆ ಕಡಿಮೆಯಾಯಿತೇನೋ ಎಂದು ಮುಂದಿನ ಭಾನುವಾರ ಎರಡು ಹಿಡಿ ಎಲೆ ಹಾಕಿದೆವು, ನೀರನ್ನು ಇನ್ನಷ್ಟು ಕಾಯಿಸಿದೆ. ಈ ಸಲ ನೀರು ತುಸು ಕಂದಾಯಿತು, ಪಟ್ಟಿಯ ಮೇಲೆ ಕೊಳೆಯಂಥ ಒಂದು ಗೆರೆ ಮೂಡಿತು. ಮಗಳು ಅದನ್ನು ಬೆಳಕಿಗೆ ಹಿಡಿದು ನೋಡಿ ‘ಎಲೆಯಲ್ಲಿ ಬಣ್ಣವೇ ಇಲ್ಲ’ ಎಂದಳು.

ಆ ಮಾತು ನನಗೆ ಚುಚ್ಚಿತು. ಎಲೆಯಲ್ಲಿ ಬಣ್ಣಗಳಿವೆ ಎಂದು ತೋರಿಸಲು ತಂದ ಪೆಟ್ಟಿಗೆ ಇಲ್ಲ ಎಂದು ಕಲಿಸಿಬಿಟ್ಟಿತ್ತು. ಎಳೆಯ ಮಕ್ಕಳು ಒಂದು ಪ್ರಯೋಗ ಕೆಟ್ಟಿತು ಎಂದುಕೊಳ್ಳುವುದಿಲ್ಲ. ಕಂಡದ್ದೇ ನಿಜ ಎಂದುಕೊಳ್ಳುತ್ತಾರೆ. ಹಾಗಾಗಿ ಕೆಲಸ ಮಾಡದ ಪ್ರಯೋಗಕ್ಕಿಂತ ಪ್ರಯೋಗವೇ ಇಲ್ಲದಿರುವುದು ವಾಸಿ ಎಂದು ನಾನು ಈಗ ನಂಬುತ್ತೇನೆ.

ತಪ್ಪು ಮಕ್ಕಳದ್ದಲ್ಲ, ಎಲೆಯದ್ದೂ ಅಲ್ಲ. ಪತ್ರಹರಿತ್ತಿನ ಅಣುವಿಗೆ ಉದ್ದನೆಯದೊಂದು ಬಾಲವಿದೆ, ಅದರ ಸ್ವಭಾವ ಎಣ್ಣೆಯದು. ಜಿಡ್ಡಿನ ಪಾತ್ರೆಯನ್ನು ಬರೀ ನೀರಿನಲ್ಲಿ ತೊಳೆದರೆ ಜಿಡ್ಡು ಹೇಗೆ ಬಿಡುವುದಿಲ್ಲವೋ ಹಾಗೆಯೇ ಈ ಹಸಿರು ನೀರಿನಲ್ಲಿ ಕರಗುವುದಿಲ್ಲ. ಕ್ಯಾರೊಟಿನಾಯ್ಡ್‌ಗಳೂ ಅಷ್ಟೇ. ಇವನ್ನು ಹೊರತೆಗೆಯಲು ಆಲ್ಕೊಹಾಲ್ ಅಥವಾ ಅಸಿಟೋನ್‌ನಂಥ ದ್ರಾವಕ ಬೇಕು. ಪೆಟ್ಟಿಗೆ ತಯಾರಿಸಿದವರು ಮಕ್ಕಳ ಸುರಕ್ಷತೆಗಾಗಿ ನೀರು ಎಂದು ಬರೆದಿರಬಹುದು. ಆ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ನೀರಿನಲ್ಲಿ ಆಗದ್ದನ್ನು ಆಗುತ್ತದೆ ಎಂದು ಅಚ್ಚು ಹಾಕಿಸಬಾರದಿತ್ತು.

ಮೂರನೆಯ ಭಾನುವಾರ ನೀರಿನ ಬದಲು ಗಾಯ ಒರೆಸುವ ಸ್ಪಿರಿಟ್ (ಅದೂ ಆಲ್ಕೊಹಾಲೇ) ಹಾಕಿ, ಕಿಟ್‌ನ ಪಟ್ಟಿಯ ಮೇಲೆ ಕಿಟ್‌ನ ಸ್ಕೆಚ್ ಪೆನ್ನಿನಿಂದಲೇ ಗುರುತಿನ ಗೆರೆ ಎಳೆದೆ. ಸ್ವಲ್ಪ ಹೊತ್ತಿನಲ್ಲಿ ನೇರಳೆ ಬಣ್ಣದ ಪಟ್ಟೆಯೊಂದು ಮೇಲೇರತೊಡಗಿತು. ಹುಡುಗ ಕುಣಿದಾಡಿದ, ‘ಎಲೆಯೊಳಗೆ ನೇರಳೆ ಇದೆ!’ ಅದು ಪೆನ್ನಿನ ಶಾಯಿ. ಸ್ಪಿರಿಟ್ ಶಾಯಿಯನ್ನೂ ಕರಗಿಸಿ ಜೊತೆಗೆ ಎಳೆದುಕೊಂಡು ಹೋಗಿತ್ತು. ಅವನಿಗೆ ಅದನ್ನು ತಿಳಿಸಿ ಹೇಳುವುದು ಸುಲಭವಾಗಲಿಲ್ಲ. ಎಲೆಯಿಲ್ಲದ ಬರಿಯ ಪಟ್ಟಿಯ ಮೇಲೆ ಅದೇ ಪೆನ್ನಿನ ಗೆರೆ ಎಳೆದು ಅದ್ದಿ ತೋರಿಸಿದ ಮೇಲೆಯೇ ಒಪ್ಪಿದ. ಗೆರೆಗೆ ಪೆನ್ಸಿಲ್ಲೇ ಆಗಬೇಕು. ಅದರ ಗ್ರಾಫೈಟ್ ಕರಗುವುದಿಲ್ಲ, ಕದಲುವುದಿಲ್ಲ. ಇದೊಂದು ಸಾಲು ಸೂಚನೆಯ ಹಾಳೆಯಲ್ಲಿ ಇದ್ದಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು.

ಕಿಟ್‌ನ ಬಿಸಿನೀರಿಗೆ ಒಂದು ಜಾಗದಲ್ಲಿ ಮಾತ್ರ ನ್ಯಾಯ ಸಿಗುತ್ತದೆ, ಅದು ಕೆಂಪಿನ ಕಡೆ. ಕೆಂಪು, ನೇರಳೆ ಎಲೆಗಳಿಗೆ ಬಣ್ಣ ಕೊಡುವ ಆಂಥೋಸಯಾನಿನ್ ಎಂಬ ವರ್ಣಕ ನೀರಿನಲ್ಲಿ ಕರಗುತ್ತದೆ. ಕುಂಡದಲ್ಲಿದ್ದ ನೇರಳೆ ಎಲೆಯ ಗಿಡದ ನಾಲ್ಕು ಎಲೆ ಹಾಕಿದಾಗ ನೀರು ಚೆನ್ನಾಗಿಯೇ ಬಣ್ಣ ತಾಳಿತು. ನಿಂಬೆರಸದ ಹನಿ ಬಿದ್ದೊಡನೆ ಗುಲಾಬಿಯ ಕಡೆಗೆ ತಿರುಗಿತು. ಕೆಂಪಿನ ಕಥೆಯೂ ಹಳದಿಗಿಂತ ಬೇರೆಯೇ. ಅನೇಕ ಮರಗಳಲ್ಲಿ ಎಲೆ ಉದುರುವ ಮುನ್ನ ಕೆಂಪು ಹೊಸದಾಗಿ ತಯಾರಾಗುತ್ತದೆ, ಎಲೆಯಲ್ಲಿ ಉಳಿದ ಸಕ್ಕರೆ ಅದಕ್ಕೆ ಒದಗುತ್ತದೆ. ಹಳದಿ ಬಯಲಾಗುವುದು, ಕೆಂಪು ಹುಟ್ಟುವುದು. ಎರಡನ್ನೂ ‘ತೊಡುತ್ತವೆ’ ಎಂಬ ಒಂದೇ ಕ್ರಿಯಾಪದಕ್ಕೆ ಕಟ್ಟಿಹಾಕಿದ ಆ ಕಾರ್ಡಿನ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ವಿಡಿಯೊಗಳು ಪುಕ್ಕಟೆ, ತೊಟ್ಟಿನ ಬುಡದಲ್ಲಿ ಬೇರ್ಪಡೆಯ ಪದರ ಕಟ್ಟಿಕೊಂಡು ಎಲೆ ಕಳಚುವುದನ್ನು ಅವುಗಳಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸಲಾರದು. ಮಕ್ಕಳು ಬಾಯಿ ಬಿಟ್ಟು ನೋಡಿದರು. ಮುಗಿದ ಮೇಲೆ ಎಲೆ ಏಕೆ ಹಳದಿಯಾಯಿತು ಎಂದು ಕೇಳಿದರೆ ‘ಚಳಿ ಬಂತು’ ಎಂದರು. ಅಷ್ಟೇ.

ಇನ್ನು ದಾರ. ಕೈಗೆಟುಕುವ ಕೊಂಬೆಯಲ್ಲಿ ಬುಡದ ಕಡೆಯ ಹಳೆಯ ಎಲೆಯೊಂದನ್ನು ಆರಿಸಿ, ತೊಟ್ಟಿಗೆ ಸಡಿಲವಾಗಿ ಕೆಂಪು ದಾರ ಕಟ್ಟಿ, ಎರಡು ದಿನಕ್ಕೊಮ್ಮೆ ಹೋಗಿ ನೋಡಿ ಚಿತ್ರ ಬರೆಯುವುದು. ಖರ್ಚಿಲ್ಲ. ನನಗೆ ಇದರಷ್ಟು ಹಿತವಾದದ್ದು ಯಾವುದೂ ಇಲ್ಲ. ಅಂಚಿನಿಂದ ಹಸಿರು ಹಿಂದೆ ಸರಿಯುತ್ತಾ ಬಂತು. ನರಗಳ ಉದ್ದಕ್ಕೂ ಮಾತ್ರ ಕೊನೆಯವರೆಗೆ ಉಳಿದುಕೊಂಡು, ಹಳದಿ ನೆಲದ ಮೇಲೆ ಹಸಿರು ನದಿಗಳ ನಕಾಶೆಯಂತೆ ಕಂಡಿತು. ಭೂತಗನ್ನಡಿ ಸಾರ್ಥಕವಾದದ್ದು ಅಲ್ಲಿಯೇ. ಆದರೆ ಮೂರನೆಯ ಚಿತ್ರದ ಹೊತ್ತಿಗೆ ಮಗಳಿಗೆ ಆಸಕ್ತಿ ಹೋಗಿತ್ತು. ಐದನೆಯ ಚಿತ್ರಕ್ಕೆ ಹೋದಾಗ ಗಾಳಿಗೆ ಎಲೆಯೇ ಇರಲಿಲ್ಲ. ಎಂಟು ವರ್ಷದವನು ಮಾತ್ರ ಹಟ ಹಿಡಿದು ಇನ್ನೊಂದು ಎಲೆಗೆ ದಾರ ಕಟ್ಟಿದ. ಹಾಗಾಗಿ ಇದು ತುಸು ದೊಡ್ಡ ಮಕ್ಕಳಿಗೆ. ಇಷ್ಟಾದರೂ ಹಳದಿ ಮೊದಲೇ ಇತ್ತೋ ಆಮೇಲೆ ಬಂತೋ ಎಂಬುದನ್ನು ದಾರ ಹೇಳುವುದಿಲ್ಲ.

ಕಾಗದದ ಪಟ್ಟಿ ಹೇಳುತ್ತದೆ. ಕಿಟ್‌ನ ಪಟ್ಟಿಗಳು ನುಣುಪಾಗಿದ್ದು ದ್ರವವನ್ನು ಸರಿಯಾಗಿ ಹೀರುತ್ತಿರಲಿಲ್ಲ. ಕಾಫಿ ಸೋಸುವ ಬಿಳಿ ಕಾಗದವನ್ನು ಎರಡು ಬೆರಳಗಲಕ್ಕೆ ಕತ್ತರಿಸಿಕೊಂಡೆ. ತಳದಿಂದ ಎರಡು ಸೆಂಟಿಮೀಟರ್ ಮೇಲೆ ಪೆನ್ಸಿಲ್ ಗೆರೆ. ಎಲೆಯನ್ನು ಅರೆಯುವ ಗೋಜೇ ಬೇಡ: ಗೆರೆಯ ಮೇಲೆ ಎಲೆ ಇಟ್ಟು ನಾಣ್ಯದ ಅಂಚನ್ನು ಒತ್ತಿ ಉರುಳಿಸಬೇಕು. ಕಾಗದದ ಮೇಲೆ ಹಸಿರು ಗೆರೆ ಮೂಡುತ್ತದೆ. ಎಲೆಯ ಹೊಸ ಜಾಗ ಇಟ್ಟು ಅದೇ ಗೆರೆಯ ಮೇಲೆ ಹತ್ತು ಸಲ ಉರುಳಿಸಿದರೆ ಗೆರೆ ದಟ್ಟವಾಗುತ್ತದೆ. ಎಳೆಯ ಚಿಗುರು ಬೇಡ, ಕಡುಹಸಿರಿನ ಬಲಿತ ಎಲೆ ಒಳ್ಳೆಯದು. ಈ ನಾಣ್ಯದ ಕೆಲಸ ಮಗಳಿಗೆ ಎಷ್ಟು ಹಿಡಿಸಿತೆಂದರೆ ನಾಲಿಗೆ ಕಚ್ಚಿಕೊಂಡು, ಹೆಬ್ಬೆರಳು ಹಸಿರಾಗುವವರೆಗೆ ಒತ್ತಿದಳು.

ಪಟ್ಟಿಯನ್ನು ಪೆನ್ಸಿಲ್ಲಿಗೆ ಅಂಟಿಸಿ ಲೋಟದೊಳಗೆ ಇಳಿಬಿಡಬೇಕು. ಸ್ಪಿರಿಟ್ ಗೆರೆಗಿಂತ ಕೆಳಗೇ ಇರಬೇಕು, ಗೆರೆ ಮುಳುಗಿದರೆ ಬಣ್ಣವೆಲ್ಲ ಲೋಟಕ್ಕೆ ಇಳಿಯುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಹಾಕಿ ನೋಡಿದೆ, ಅದು ಕಾಗದವನ್ನು ಹತ್ತಲೇ ಇಲ್ಲ. ಸ್ಪಿರಿಟ್ ಸುರಿಯುವುದು ದೊಡ್ಡವರ ಕೆಲಸ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಒಲೆ, ದೀಪ ಯಾವುದೂ ಇರಬಾರದು.

ನಾವು ಎರಡು ಲೋಟ ಇಟ್ಟೆವು, ಒಂದರಲ್ಲಿ ಹಸಿರೆಲೆಯ ಪಟ್ಟಿ, ಇನ್ನೊಂದರಲ್ಲಿ ಅದೇ ಮರದ ಹಣ್ಣೆಲೆಯ ಪಟ್ಟಿ. ಅರ್ಧ ಗಂಟೆಯೊಳಗೆ ಮೊದಲನೆಯದರಲ್ಲಿ ಹಸಿರು ಮೇಲೇರಿತು, ಅದರ ಮುಂದೆ ಒಂದು ತೆಳುವಾದ ಹಳದಿ ಅಂಚು ಬಿಡಿಸಿಕೊಂಡು ನಿಂತಿತು. ಎರಡನೆಯದರಲ್ಲಿ ಹಸಿರಿನ ಸುಳಿವಿಲ್ಲ, ಹಳದಿಯೊಂದೇ. ಎರಡನ್ನೂ ಒಣಗಿಸಿ ಪಕ್ಕಪಕ್ಕದಲ್ಲಿ ಇಟ್ಟೆ. ನಾನು ಏನನ್ನೂ ಹೇಳಲಿಲ್ಲ. ಮಗಳು ಒಂದು ಹಳದಿಯ ಮೇಲೆ ಬೆರಳಿಟ್ಟಳು, ಆಮೇಲೆ ಇನ್ನೊಂದರ ಮೇಲೆ. ‘ಇದು ಒಳಗೆ ಇದ್ದದ್ದೇ!’ ಎಂದಳು.

1906ರಲ್ಲಿ ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಈ ಬಗೆಯ ವಿಧಾನಕ್ಕೆ ಕ್ರೊಮ್ಯಾಟೊಗ್ರಫಿ ಎಂದು ಹೆಸರಿಟ್ಟ. ಅವನು ಬೇರ್ಪಡಿಸುತ್ತಿದ್ದದ್ದೂ ಎಲೆಯ ವರ್ಣಕಗಳನ್ನೇ, ಆದರೆ ಕಾಗದದಲ್ಲಲ್ಲ, ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ. ರಷ್ಯನ್ ಭಾಷೆಯಲ್ಲಿ ತ್ಸ್ವೆತ್ ಎಂದರೆ ಬಣ್ಣ. ಇದನ್ನು ಕೇಳಿ ಅಣ್ಣನ ಮಗ ತನ್ನ ಹೆಸರಿನ ಅರ್ಥ ಏನೆಂದು ವಿಚಾರಿಸಿದ.

ನನಗೆ ವಾರದಲ್ಲಿ ಬಿಡುವು ಸಿಗುವುದು ಭಾನುವಾರದ ಒಂದು ಗಂಟೆ. ಮಕ್ಕಳನ್ನು ಪರದೆಯ ಮುಂದೆ ಕೂರಿಸಲು ಮನಸ್ಸಿಲ್ಲ, ಆಟಿಕೆಗೆ ಎತ್ತಿಟ್ಟ ಹಣವೂ ಕಿಟ್‌ಗೇ ಮುಗಿದಿತ್ತು. ನನ್ನಂಥವರಿಗೆ ಪಟ್ಟಿ. ದಿನವೂ ಮಕ್ಕಳ ಜೊತೆ ನಡೆಯಲು ಹೋಗುವ ಅಜ್ಜ ಅಜ್ಜಿ ಮನೆಯಲ್ಲಿದ್ದರೆ ದಾರವನ್ನೂ ಕಟ್ಟಿ. ಸ್ಪಿರಿಟ್ ಮನೆಯೊಳಗೆ ಬೇಡ ಎನ್ನುವವರು ಕೆಂಪೆಲೆ, ಬಿಸಿನೀರು, ನಿಂಬೆರಸದಿಂದ ಶುರುಮಾಡಬಹುದು, ಅದಕ್ಕೂ ಕಿಟ್ ಬೇಕಾಗಿಲ್ಲ. ವಿಡಿಯೊ ನೋಡುವುದಾದರೆ ಪಟ್ಟಿ ಮಾಡಿದ ಮೇಲೆ ನೋಡಿ.

ಒಣಗಿದ ಪಟ್ಟಿಗಳನ್ನು ಗೋಡೆಗೆ ಅಂಟಿಸಬೇಡಿ, ಬೆಳಕಿಗೆ ಬಣ್ಣ ಬೇಗ ಮಾಸುತ್ತದೆ. ನಮ್ಮವು ದಪ್ಪ ನಿಘಂಟಿನ ನಡುವೆ ಇವೆ. ಮಗಳು ಬಂದವರಿಗೆಲ್ಲ ತೆಗೆದು ತೋರಿಸಿ ಮತ್ತೆ ಅದೇ ಪುಟಕ್ಕೆ ಸೇರಿಸಿ ಮುಚ್ಚುತ್ತಾಳೆ.